ಪುತ್ತನ್‌ಪುರದ ಏಲಿಯಮ್ಮ

ಸಹಾಯ ಮಾಡಲು ಬಂದವರನ್ನು ಏನು ಮಾಡಬೇಕೆಂದು ಶೋಶಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೆರೆನೀರಿನಿಂದ ಪಾರಾಗಿ ಬಂದವರನ್ನು ನೋಡಿಕೊಳ್ಳುವುದು ಅವಳಿಗೆ ಕಷ್ಟವೇ ಆಗಲಿಲ್ಲ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಬಂದವರಿಗೆ ಒಂದು ಚಾಪೆ, ಒಂದು ಲೋಟ ಕಪ್ಪು ಚಹಾ, ಒಂದು ತಟ್ಟೆ ಗಂಜಿ ಕೊಟ್ಟರೆ ಗೋಡೆಗೊರಗಿ ಕೂತುಬಿಡುತ್ತಿದ್ದರು. ಕೂರಿಸಲಾಗದವರೆಂದರೆ ಸ್ವಯಂಸೇವಕರು. ಬೆಳಗಾದರೆ ಸಾಕು, ಲಾರಿ, ಜೀಪು, ಬೈಕು, ಕೊನೆಗೆ ಜೆಸಿಬಿಯ ಮೇಲೆ ಕೂತಾದರೂ ಇಲಂಜಿಕಡವಿನ ಇಗರ್ಜಿ ಶಾಲೆಯ ಗುಡ್ಡ ಹತ್ತಿ ಬಂದು, ಒಬ್ಬರಾದ ಮೇಲೆ ಒಬ್ಬರು ಅವಳೆದುರು ನಿಂತು, ಚೇಚಿ, ಅಂದರೆ ಅಕ್ಕ, ಎಂದು ಕರೆದು ಅದೇ ಮಾತು ಹೇಳುತ್ತಿದ್ದರು.

"ಚೇಚಿ, ನಾವೇನ್ ಮಾಡ್ಬೇಕು ಹೇಳಿ. ಏನ್ ಹೇಳಿದ್ರೂ ಮಾಡ್ತೀವಿ."

"ಏನ್ ಹೇಳಿದ್ರೂ?"

"ಏನ್ ಹೇಳಿದ್ರೂ ಚೇಚಿ. ಜೀವ ಬೇಕಾದ್ರೂ ಕೊಡ್ತೀವಿ."

"ಜೀವ ನೀವೇ ಇಟ್ಕೊಳ್ರಪ್ಪ. ಆ ಕಡೆ ಕಕ್ಕಸು ಕಟ್ಕೊಂಡಿದೆ. ಪೊರಕೆ ಬಾಗಿಲ ಹಿಂದಿದೆ."

ಜೀವ ಕೊಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಾವು ನಿಜವಾಗಿ ದೋಣಿಯ ಕೆಲಸಕ್ಕೆಂದು ಬಂದವರು ಎಂದು ಮೆಲ್ಲಗೆ ತಿಳಿಸುತ್ತಿದ್ದರು. ಎಲ್ಲರಿಗೂ ದೋಣಿಯೇ ಬೇಕು. ಮುದುಕಿಯೊಬ್ಬಳನ್ನು ಎತ್ತಿಕೊಂಡು ಸೊಂಟದ ಮಟ್ಟದ ನೀರಿನಲ್ಲಿ ನಡೆಯುವ ಫೋಟೋ ಊರೆಲ್ಲ ತಿರುಗುತ್ತದೆ. ಕಕ್ಕಸು ತೊಳೆಯುವವರ ಫೋಟೋ ಅವರ ಹೆತ್ತ ತಾಯಿಗೂ ಬೇಡ. ಒಂದು ಪಕ್ಷದ ಹುಡುಗರು ಎತ್ತಿದ ಅಕ್ಕಿ ಮೂಟೆಯ ಇನ್ನೊಂದು ತುದಿಯನ್ನು ಇನ್ನೊಂದು ಪಕ್ಷದವರು ಮುಟ್ಟುತ್ತಿರಲಿಲ್ಲ. ಸಿನಿಮಾ ನಟನೊಬ್ಬನ ಅಭಿಮಾನಿಗಳು ನಟನ ಮುಖವಿರುವ ಅಂಗಿ ತೊಟ್ಟು ಬಂದು, ಅಂಗಿ ಕೊಳೆಯಾಗದಂತಹ ಕೆಲಸ ಕೇಳಿದರು. ಎರ್ನಾಕುಲದ ಕಾಲೇಜಿನಿಂದ ಬಂದವರು ನಿರಾಶ್ರಿತರ ಮನಸ್ಸು ಹಗುರ ಮಾಡಲೆಂದು ಕೇರಂ ಬೋರ್ಡುಗಳನ್ನು ತಂದಿದ್ದರು. ಒಳಲಂಗ, ಸೊಳ್ಳೆಬತ್ತಿ, ಮಕ್ಕಳ ಜ್ವರದ ಔಷಧಿ ಬೇಕೆಂದು ಶೋಶಮ್ಮ ಗಂಟಲು ಹರಿದುಕೊಂಡರೂ ಬಂದ ಲಾರಿಯಲ್ಲೆಲ್ಲ ಬ್ರೆಡ್ಡೇ ತುಂಬಿತ್ತು. ಮೂರನೇ ತರಗತಿಯ ಕೋಣೆಯಲ್ಲಿ ಬ್ರೆಡ್ಡು ಸೂರು ಮುಟ್ಟಿತು. ಹಳೆ ಬಟ್ಟೆಯ ಗಂಟು ಬಿಚ್ಚಿದರೆ ಯಾರದೋ ಮದುವೆಯ ಕೋಟು ಸಿಕ್ಕಿತು, ಅದರ ಜೇಬಿನಲ್ಲಿ ಬಾಡಿದ ಹೂವೂ ಇತ್ತು.

"ಯಾರಾದ್ರೂ ಇದನ್ನ ಹಾಕ್ಕೊಂಡು ಕಕ್ಕಸು ತೊಳೀರೋ!" ಎಂದು ಶೋಶಮ್ಮ ಕೋಟನ್ನು ಅಂಗಳಕ್ಕೆ ಎಸೆದಳು.

ಅವಳನ್ನು ಯಾರೂ ಆರಿಸಿರಲಿಲ್ಲ. ಪಂಪಾ ನದಿ ರಸ್ತೆಗೆ ಏರಿದ ಬೆಳಿಗ್ಗೆ ಮೊದಲ ಲಾರಿ ಶಾಲೆಯಂಗಳಕ್ಕೆ ಬಂದು ನಿಂತಾಗ, ಇಳಿದವರು ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ಮಳೆಯಲ್ಲೇ ನಿಂತಿದ್ದರು. ಶೋಶಮ್ಮ ತನ್ನ ಗಂಡ ಕೋಶಿಯ ಕೈಗೆ ಹಸುಗಳ ಹಗ್ಗ ಕೊಟ್ಟು, "ಹೆಂಗಸರು ಮಕ್ಕಳು ಮೇಲಿನ ಕೋಣೆಗೆ, ಗಂಡಸರು ಕೆಳಗೆ, ಹಸು ಇದ್ದೋರು ಗ್ರೌಂಡಿಗೆ!" ಎಂದು ಕೂಗಿದಳು. ಮೊದಲು ಕೂಗಿದವರೇ ಯಜಮಾನರಾಗುವುದು ನಮ್ಮ ಕಡೆಯ ರೂಢಿ. ಆಮೇಲೆ ಬೆಂಕಿಪೊಟ್ಟಣ ಕಳೆದರೂ ಅವಳನ್ನೇ ಕೇಳಿದರು.

ಕೂಗುವುದು ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದ ಹೊಸತರಿಂದ ಊರ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದವಳು. ಯಾರ ಹಾಲಿಗೆ ಬಾವಿ ಸೇರಿದೆ, ಯಾರ ಹಸು ಗಬ್ಬವಾಗಿದೆ, ಯಾರ ಸೊಸೆ ಸಿಟ್ಟಿನಲ್ಲಿ ಕೊಡ ಕುಕ್ಕಿ ತಂದಿದ್ದಾಳೆ ಎಂಬುದೆಲ್ಲ ಅವಳಿಗೆ ಮುಚ್ಚಳ ತೆಗೆಯುವಾಗಲೇ ತಿಳಿಯುತ್ತಿತ್ತು. ಮದುವೆಗೂ ಮಣ್ಣಿಗೂ ಇಗರ್ಜಿಯ ಹಬ್ಬಕ್ಕೂ ಪಾತ್ರೆ ಇಳಿಸುವವಳೂ ಅವಳೇ, ಕಡೆಗೆ ಎಣಿಸಿ ಏರಿಸುವವಳೂ ಅವಳೇ. ಈ ಊರಿನ ಮನೆಮನೆಯೂ ತನಗೆ ಗೊತ್ತು ಎಂಬುದು ಅವಳ ದೊಡ್ಡ ಹೆಮ್ಮೆ. ಆ ಹೆಮ್ಮೆಯನ್ನು ಯಾರೂ ಪ್ರಶ್ನಿಸಿದ್ದಿಲ್ಲ, ಕೋಶಿಯಂತೂ ಇಲ್ಲವೇ ಇಲ್ಲ. ಅವನು ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡಿ ಬಂದ ಮೆತ್ತನೆಯ ಮನುಷ್ಯ. ಈಗ ಗಂಜಿಯ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದ, ಮತ್ತು ಹೆಂಡತಿಗೆ ದೂರವಿದ್ದಷ್ಟೂ ಕ್ಷೇಮ ಎಂದು ಬಲ್ಲವನಾಗಿದ್ದ.

ಶೋಶಮ್ಮನ ತಲೆ ತಿನ್ನಲು ಹುಟ್ಟಿದವರಲ್ಲಿ ಮೊದಲಿಗರು ಕುರುವಿಳ ಸಾರ್. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು. ಹೆಡ್‌ಮಾಸ್ತರರ ಕೋಣೆಗೆ ಎರಡು ಮೇಜು, ಎರಡು ಫೋನು, ಒಂದು ಸೀಟಿ ತಂದಿಟ್ಟುಕೊಂಡು, ಬಾಗಿಲಿಗೆ 'ಕಂಟ್ರೋಲ್ ರೂಂ' ಎಂದು ಬರೆದು ಅಂಟಿಸಿದ್ದರು. ಯಾರು ಒಳಗೆ ಬಂದರೂ ಚಪ್ಪಲಿ ಬಿಟ್ಟು ಬರಬೇಕು. ಎಲ್ಲೆಲ್ಲಿಂದಲೋ ಫೋನಿಗೆ ಬಂದು ಬೀಳುವ ಸಂದೇಶಗಳನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು, ಓದಿ ಸೀಟಿ ಊದುತ್ತಿದ್ದರು, ಸೀಟಿ ಕೇಳಿ ದೋಣಿಯವನು ಓಡಿ ಬರಬೇಕಿತ್ತು.

ದೋಣಿಯವನ ಹೆಸರು ಗ್ರೇಶಿಯಸ್. ಕೊಲ್ಲಂ ಕಡೆಯ ಮೀನುಗಾರ. ತನ್ನ ಮೀನಿನ ದೋಣಿಯನ್ನು ಲಾರಿಗೆ ಏರಿಸಿಕೊಂಡು, ಯಾರೂ ಕರೆಯದೆ ಬಂದಿದ್ದ. ಅವನೊಬ್ಬನೇ ಏನು ಮಾಡಲಿ ಎಂದು ಕೇಳದವನು. ಆದ್ದರಿಂದ ಶೋಶಮ್ಮನಿಗೆ ಅವನ ಮೇಲೆ ಬಹಳ ಪ್ರೀತಿ. ಆದರೆ ಅವನಿಗೆ ಊರು ಗೊತ್ತಿಲ್ಲ, ಬೈಗುಳ ಮಾತ್ರ ತುಂಬ ಗೊತ್ತು.

ತಲೆನೋವು ಶುರುವಾದದ್ದು ಒಂದು ಸಂದೇಶದಿಂದ. 'ಇಲಂಜಿಕಡವು, ಪುತ್ತನ್‌ಪುರ ಮನೆ, ಏಲಿಯಮ್ಮ, ವಯಸ್ಸಾದವರು, ಒಬ್ಬರೇ ಇದ್ದಾರೆ, ತಾರಸಿಯ ಮೇಲಿದ್ದಾರೆ, ದಯವಿಟ್ಟು ಕಾಪಾಡಿ.' ಪುತ್ತನ್‌ಪುರ ಎಂದರೆ ಹೊಸಮನೆ. ನಮ್ಮ ಕಡೆ ಯಾರ ಅಜ್ಜ ಹಳೆಮನೆ ಬಿಟ್ಟು ಬೇರೆ ಕಟ್ಟಿಕೊಂಡನೋ ಅವನ ಮನೆಗೆಲ್ಲ ಅದೇ ಹೆಸರು, ಕಟ್ಟಿ ನೂರು ವರ್ಷವಾಗಿ ಗೆದ್ದಲು ಹಿಡಿದರೂ ಅದು ಹೊಸಮನೆಯೇ. ಕುರುವಿಳ ಸಾರ್ ಸೀಟಿ ಊದಿದರು. ಗ್ರೇಶಿಯಸ್ ಹೋದ. ಬರುವಾಗ ದೇವಸ್ಥಾನದ ಬದಿಯ ಪುತ್ತನ್‌ಪುರದಿಂದ ಭಾಸ್ಕರಕ್ಕುರುಪ್ಪರನ್ನೂ ಅವರ ನಾಯಿಯನ್ನೂ ತಂದ.

"ಇವರಲ್ಲಿ ಏಲಿಯಮ್ಮ ಯಾರು? ನಾಯಿನಾ?" ಎಂದಳು ಶೋಶಮ್ಮ.

"ಪುತ್ತನ್‌ಪುರ ಅಂದ್ರಿ, ಕರ್ಕೊಂಡ್ ಬಂದೆ. ನನ್ ಸಮುದ್ರದಲ್ಲಿ ಮನೆಗೆ ಹೆಸರಿಲ್ಲ ಚೇಚಿ, ನೀರೊಂದೇ ಇರೋದು," ಎಂದ ಗ್ರೇಶಿಯಸ್.

ಅವಳೇ ದಾರಿ ವಿವರಿಸಿ ಕಳಿಸಿದಳು. ಎರಡನೆಯ ಸಲ ಸರಿಯಾದ ಪುತ್ತನ್‌ಪುರ ಸಿಕ್ಕಿತು: ಹೊಳೆದಂಡೆಯ ದೊಡ್ಡಮನೆ. ಅಲ್ಲಿನ ಏಲಿಯಮ್ಮನ ಮಗ ಸೊಸೆ ಕೋಟ್ಟಯಂಗೆ ಮದುವೆಗೆ ಹೋದ ದಿನವೇ ನೀರೇರಿತ್ತು. ಮುದುಕಿ ತಾರಸಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ಎರಡು ಪೆಟ್ಟಿಗೆ, ಒಂದು ದಿಂಬು, ಯೇಸುವಿನ ಪಟ ಇವೆಲ್ಲ ದೋಣಿಗೆ ಬಂದ ಮೇಲೆ ಅವರು ಬಂದರು. ಬಂದವರು ನೇರ ಶೋಶಮ್ಮನ ಹೆಗಲೇರಿದರು.

"ಈ ಗಂಜಿಗೆ ನಂಚ್ಕೊಳೋಕೆ ಮೀನಿಲ್ವೇನೇ ಶೋಶಮ್ಮ?"

"ಮೀನೆಲ್ಲ ನಿಮ್ಮನೆ ನಡುಮನೇಲಿ ಈಜಾಡ್ತಿವೆ ಅಮ್ಮಚ್ಚಿ. ಹಿಡ್ಕೊಂಡು ಬರಬೇಕಿತ್ತು."

"ನನ್ ದಿಂಬು ಯಾರೋ ತಗೊಂಡಿದಾರೆ."

"ನಿಮ್ ತಲೆ ಕೆಳಗೇ ಇದೆ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫೋನಿನ ಸಂದೇಶಕ್ಕೆ ಸಾವಿಲ್ಲ. ಏಲಿಯಮ್ಮ ಶಾಲೆಯ ವರಾಂಡದಲ್ಲಿ ಗಂಜಿಗೆ ಉಪ್ಪು ಸಾಲದೆಂದು ರಾಗ ಎಳೆಯುತ್ತಿದ್ದರೆ, ಫೋನಿನೊಳಗಿನ ಏಲಿಯಮ್ಮ ಇನ್ನೂ ತಾರಸಿಯ ಮೇಲೆ ಕೈಯೆತ್ತಿ ಕೂಗುತ್ತಿದ್ದಳು. ದುಬೈಯಿಂದ ಬಂತು, ದೆಹಲಿಯಿಂದ ಬಂತು, ಒಬ್ಬ ಪುಣ್ಯಾತ್ಮ ಅದಕ್ಕೆ ಅಳುವ ಮುಖ ಸೇರಿಸಿ ಕಳಿಸಿದ. ಪ್ರತಿ ಸಲವೂ ಕುರುವಿಳ ಸಾರ್ ಹೊಸದಾಗಿ ಓದಿ ಹೊಸದಾಗಿ ಗಾಬರಿಯಾಗುತ್ತಿದ್ದರು. ಶೋಶಮ್ಮ ಕಂಚಿಬೆಟ್ಟದ ಕಡೆ ಬಾಣಂತಿಯೊಬ್ಬಳನ್ನು ಕರೆತರಲು ಕಳಿಸಿದ್ದ ದೋಣಿಯನ್ನು ಅವರು ಸೀಟಿ ಊದಿ ವಾಪಸು ಕರೆದು, ಖಾಲಿ ದೊಡ್ಡಮನೆಗೆ ಓಡಿಸಿದಾಗ ಅವಳ ಪಿತ್ತ ನೆತ್ತಿಗೇರಿತು. ಚಪ್ಪಲಿ ಹಾಕಿಕೊಂಡೇ ಕಂಟ್ರೋಲ್ ರೂಮಿಗೆ ನುಗ್ಗಿದಳು.

"ಸಾರ್, ಕಣ್ಣಿದ್ಯಾ ನಿಮಗೆ? ಆ ಏಲಿಯಮ್ಮ ಅಲ್ಲಿ ಕೂತಿದಾರೆ, ನೋಡಿ, ನಿಮ್ಮ ಕಿಟಕೀಲೇ ಕಾಣ್ತಾರೆ!"

"ಸಂದೇಶ ಬಂದಿದೆ ಶೋಶಮ್ಮ. ಬಂದ ಮೇಲೆ ಕ್ರಮ ತಗೋಬೇಕು. ಅದು ಪದ್ಧತಿ."

"ಪದ್ಧತೀನ ಹೊಳೆಗೆ ಹಾಕಿ. ಬಾಣಂತಿ ಮಾಳಿಗೆ ಮೇಲಿದ್ದಾಳೆ!"

"ಬೇರೆ ಪುತ್ತನ್‌ಪುರ ಇದ್ರೆ?"

"ಯಾವ ಬೇರೆ? ಈ ಊರಲ್ಲಿ ಇರೋದು ಎರಡೇ ಪುತ್ತನ್‌ಪುರ. ಒಂದು ದೇವಸ್ಥಾನದ ಹತ್ರ, ಒಂದು ಹೊಳೆ ಹತ್ರ. ಸೊಸೈಟೀಲಿ ಕೂತು ನನ್ ಕೂದಲು ಬೆಳ್ಳಗಾಗಿದೆ, ನನಗೆ ಊರು ತೋರಿಸ್ಬೇಡಿ."

ಕುರುವಿಳ ಸಾರ್ ಸೀಟಿಯನ್ನು ಮೇಜಿನ ಮೇಲಿಟ್ಟರು. ಅಂದು ಸಂಜೆ ಗ್ರೇಶಿಯಸ್ ಬಂದು ದೋಣಿಯ ಎಂಜಿನ್ನಿಗೆ ಒದ್ದು, ಎದೆ ಮೇಲೆ ಕೈಕಟ್ಟಿ ನಿಂತ. ಬಾಣಂತಿಯನ್ನು ಅವನು ಆಮೇಲೆ ತಂದಿದ್ದ, ಮಗು ಕ್ಷೇಮವಾಗಿತ್ತು. ಆದರೂ ಅವನ ಸಿಟ್ಟು ಇಳಿದಿರಲಿಲ್ಲ.

"ಸೀಮೆಎಣ್ಣೆ ಏನು ನಲ್ಲೀಲಿ ಬರುತ್ತಾ ಚೇಚಿ? ಖಾಲಿ ಮನೆಗೆ ಎಷ್ಟು ಸಲ ಹೋಗ್ಲಿ? ಆ ಮನೇಲಿ ಉಳಿದಿರೋದು ಒಂದು ಫ್ರಿಜ್ಜು, ಅದೂ ತೇಲ್ತಿದೆ. ಆದ್ರೂ ಮನಸ್ಸು ಕೇಳ್ದೆ ಹಿಂದಿನ ಕಾಲುವೆ ಗುಂಟಾನೂ ಹೋದೆ. 'ಏಲಿಯಮ್ಮೋ, ಏಲಿಯಮ್ಮೋ' ಅಂತ ಕೊನೇವರೆಗೂ ಕೂಗ್ದೆ. ಒಬ್ರೂ ಓ ಅನ್ಲಿಲ್ಲ."

"ಹೆಂಗೆ ಅಂತಾರೆ? ಓ ಅನ್ನಬೇಕಾದೋರು ಇಲ್ಲಿ ಉಪ್ಪಿನಕಾಯಿ ಕೇಳ್ತಿದಾರೆ." ಶೋಶಮ್ಮ ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಸಾರಿದಳು: "ಇನ್ನೊಂದ್ಸಲ ಈ ಕ್ಯಾಂಪಲ್ಲಿ ಪುತ್ತನ್‌ಪುರ ಏಲಿಯಮ್ಮ ಅಂತ ಯಾರಾದ್ರೂ ಬಾಯಿ ಬಿಟ್ರೆ ಅವರಿಗೆ ಗಂಜಿ ಇಲ್ಲ!"

"ನನಗೂ ಇಲ್ವೇನೇ?" ಎಂದರು ವರಾಂಡದಿಂದ ಏಲಿಯಮ್ಮ. ನೀರೇರಿದ ಮೇಲೆ ಜನ ಮೊದಲ ಸಲ ನಕ್ಕರು.

ಮರುದಿನ ಬೆಳಿಗ್ಗೆ ಸೌದಿಯಿಂದ ಒಂದು ಕರೆ ಬಂತು. ಹುಡುಗಿಯ ದನಿ. ಸಾಲುಸಾಲು ಕಂಟ್ರೋಲ್ ರೂಮುಗಳಿಗೆ ಫೋನು ಹಚ್ಚಿ ಹಚ್ಚಿ ಕೊನೆಗೆ ಈ ನಂಬರು ಸಿಕ್ಕಿದೆ ಎಂದಳು. ಪುತ್ತನ್‌ಪುರ ಏಲಿಯಮ್ಮನ ಮೊಮ್ಮಗಳು ಎಂದಳು. ಕುರುವಿಳ ಸಾರ್ ಗೆದ್ದವರಂತೆ, "ಏನೂ ಹೆದರಬೇಡ ಮೋಳೆ, ಅಮ್ಮಚ್ಚಿ ನಮ್ಮ ಹತ್ರ ಸುಖವಾಗಿದಾರೆ, ಈಗ ತಾನೇ ಗಂಜಿ ಕುಡಿದ್ರು," ಎಂದರು. ಆ ಕಡೆಯಿಂದ ಹುಡುಗಿ ಅತ್ತದ್ದು ಕೇಳಿಸಿತು. ಅಷ್ಟರಲ್ಲಿ ಇನ್ನೊಂದು ಫೋನು ಬಡಿದುಕೊಂಡಿತು, ಅವರು ಇದನ್ನು ಇಟ್ಟರು. ಹುಡುಗಿ ನೆಮ್ಮದಿಯಾಗಿ ತನ್ನ ಆಸ್ಪತ್ರೆಯ ಕೆಲಸಕ್ಕೆ ಹೋದಳು. ಊಟದ ಹೊತ್ತಿಗೆ ಆಕೆಯದೇ ಮತ್ತೆ ಕರೆ: ಒಂದೇ ಒಂದು ಸಲ ಅಮ್ಮಚ್ಚಿಯ ದನಿ ಕೇಳಬೇಕು.

ಶೋಶಮ್ಮ ಆಗ ಬ್ರೆಡ್ಡಿನ ಲಾರಿಯೊಂದನ್ನು ಗುಡ್ಡದ ಬುಡದಿಂದಲೇ ವಾಪಸು ಕಳಿಸಿ, ಲಾರಿಯ ಮೇಲಿದ್ದವರಿಂದ ಹೃದಯವಿಲ್ಲದವಳು ಎನ್ನಿಸಿಕೊಂಡು ಬಂದಿದ್ದಳು. ಫೋನನ್ನು ತಾನೇ ಒಯ್ದು ಏಲಿಯಮ್ಮನ ಕಿವಿಗೆ ಹಿಡಿದಳು. ಅವರಿಗೆ ಕಿವಿ ಸ್ವಲ್ಪ ಮಂದ.

"ಯಾರು? ರೀನುನಾ? ಏನ್ ಮೋಳೆ, ನಿಮ್ಮಪ್ಪ ಇನ್ನೂ ಮದುವೆ ಊಟ ಮುಗಿಸ್ಲಿಲ್ವಾ? ಇಲ್ಲಿ ಮೀನಿಲ್ಲ, ಏನಿಲ್ಲ, ಈ ಶೋಶಮ್ಮ ಎಲ್ಲರ ಮೇಲೂ ಹಾರಾಡ್ತಾಳೆ..." ಏಲಿಯಮ್ಮ ಒಂದಿಷ್ಟು ಹೊತ್ತು ತಮ್ಮ ಪಾಡು ಹೇಳಿಕೊಂಡು, ಆಮೇಲೆ ಫೋನನ್ನು ದೂರ ಹಿಡಿದು ನೋಡಿದರು. "ಇವಳೇನೂ ಮಾತೇ ಆಡ್ತಿಲ್ಲ."

ಶೋಶಮ್ಮ ಫೋನು ತೆಗೆದುಕೊಂಡಳು. "ಕೇಳಿಸ್ತಾ ಮೋಳೆ? ನಿನ್ ಅಮ್ಮಚ್ಚಿ ಚೆನ್ನಾಗಿದಾರೆ, ನನ್ ಜೀವ ತಿಂತಾ ಇದಾರೆ."

"ಇವರು ನನ್ ಅಮ್ಮಚ್ಚಿ ಅಲ್ಲ," ಎಂದಿತು ದನಿ.

"ಏನಂದೆ?"

"ಇದು ನನ್ ಅಮ್ಮಚ್ಚಿ ದನಿ ಅಲ್ಲ. ಯಾರ ಕೈಲಿ ಮಾತಾಡಿಸ್ತಿದೀರಿ ನೀವು? ನನ್ ಅಮ್ಮಚ್ಚಿ ಎಲ್ಲಿ?"

"ಪುತ್ತನ್‌ಪುರ ಏಲಿಯಮ್ಮ ಅಂದ್ರೆ ಇವರೇ ಅಲ್ವಾ? ಹೊಳೆ ದಂಡೆ ಮನೆ?"

"ಹೊಳೆ ದಂಡೆ ಅಲ್ಲ. ಕಾಲುವೆ ಆಚೆ, ಕಾಲನಿ. ಶೋಶಮ್ಮ ಆಂಟಿ ಅಲ್ವಾ? ನಾನು ಜಿನ್ಸಿ. ಪತ್ರೋಸನ ಮಗಳು."

ಶೋಶಮ್ಮನ ಬಾಯಿಂದ ತಾನಾಗಿಯೇ ಮಾತು ಬಂತು. "ನಮ್ಮ ಏಲಿ ಮೊಮ್ಮಗಳು ಜಿನ್ಸಿನಾ?"

"ಹೌದು ಆಂಟಿ. ಏಲಿಯಮ್ಮ."

"ನಿಮ್ಮನೆ ಹೆಸರು ಪುತ್ತನ್‌ಪುರಾನಾ?"

"ಪಂಚಾಯ್ತಿ ಮನೆ ಬಂದಾಗ ಅಪ್ಪ ಇಟ್ಟಿದ್ದು. ಬಾಗಿಲ ಮೇಲೆ ಬರೆಸಿದ್ದೀವಿ ಆಂಟಿ. ನೀವು ಒಳಗೆ ಬಂದಿಲ್ಲ, ಅದಕ್ಕೆ ನೋಡಿಲ್ಲ."

ಊರಿನ ದೊಡ್ಡಮನೆಗಳಲ್ಲಿ ಹುಟ್ಟುವ ಏಲಿಯಮ್ಮಂದಿರು ತೊಟ್ಟಿಲಿನಲ್ಲೇ ಅಮ್ಮನಾಗಿರುತ್ತಾರೆ. ದಲಿತರ ಕಾಲನಿಯ ಹೆಣ್ಣುಮಕ್ಕಳಿಗೆ ಅದೇ ಇಗರ್ಜಿಯಲ್ಲಿ, ಅದೇ ನೀರಿನಲ್ಲಿ ಅದೇ ಹೆಸರಿಟ್ಟರೂ, ಊರಿನವರ ಬಾಯಿಗೆ ಬರುವಷ್ಟರಲ್ಲಿ ಹಿಂದಿನ ಅರ್ಧ ಉದುರಿಹೋಗಿರುತ್ತದೆ. ಮರಿಯಮ್ಮ ಮರಿಯ ಆಗುತ್ತಾಳೆ, ಏಲಿಯಮ್ಮ ಏಲಿ ಆಗುತ್ತಾಳೆ, ಮುದುಕಿಯಾದರೂ ಏಲಿಯೇ, ನಿನ್ನೆ ಹುಟ್ಟಿದ ಮಗುವಿಗೂ ಏಲಿಯೇ. ಶೋಶಮ್ಮನ ಕೊಟ್ಟಿಗೆಯ ಸೆಗಣಿ ಬಾಚಿ, ಹುಲ್ಲು ಹೊತ್ತು, ಅವಳ ಎರಡು ಬಾಣಂತನದಲ್ಲಿ ನೀರು ಕಾಯಿಸಿ ಹಾಕಿದ ಏಲಿ ಅವಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಆದರೂ ಯಜಮಾನಿಯನ್ನು ಕರೆಯುವಂತೆ ಅವಳನ್ನು 'ಕೊಚ್ಚಮ್ಮ' ಎಂದೇ ಕರೆಯುತ್ತಿದ್ದಳು. ಮಂಡಿನೋವು ಬಂದ ಮೇಲೆ ಕೆಲಸ ಬಿಟ್ಟಿದ್ದಳು. ಕಾಲನಿಯಲ್ಲಿ ಹಸುಗಳಿಲ್ಲ, ಅಲ್ಲಿಂದ ಸೊಸೈಟಿಗೆ ಹಾಲು ಬರುತ್ತಿರಲಿಲ್ಲ. ಹಾಲು ಬಾರದ ಮನೆಗೂ ಒಂದು ಹೆಸರಿರಬಹುದೆಂದು ಶೋಶಮ್ಮನಿಗೆ ಯಾವತ್ತೂ ಹೊಳೆದಿರಲಿಲ್ಲ.

"ಕಾಲನಿಯೋರೆಲ್ಲ ಮೊದಲ ದಿನಾನೇ ಆ ಕಡೆ ಸರ್ಕಾರಿ ಶಾಲೆಗೆ ಹೋದ್ರಲ್ಲ ಮೋಳೆ," ಎಂದಳು ಶೋಶಮ್ಮ. ಅವಳ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಅಲ್ಲಿಗೂ ಫೋನ್ ಮಾಡಿದ್ದೆ. ಲಾರೀಲಿ ಜಾಗ ಇರ್ಲಿಲ್ಲ, ಮಕ್ಕಳು ಹೋಗ್ಲಿ, ನಾನು ಮುಂದಿನ ಲಾರೀಲಿ ಬರ್ತೀನಿ ಅಂದ್ಲಂತೆ ಅಮ್ಮಚ್ಚಿ. ಮುಂದಿನ ಲಾರಿ ಬರ್ಲೇ ಇಲ್ಲ. ಅವರು ಏನಂದ್ಕೊಂಡ್ರು ಗೊತ್ತಾ ಆಂಟಿ? 'ಶೋಶಮ್ಮ ಕೊಚ್ಚಮ್ಮ ಬಿಟ್ಟು ಹೋಗ್ತಾರಾ, ಅವರ ಮನೆಗೇ ಕರ್ಕೊಂಡು ಹೋಗಿರ್ತಾರೆ' ಅಂದ್ಕೊಂಡ್ರು. ಪಕ್ಕದ ಮನೆ ತಾರಸಿಗೆ ಹತ್ತಿದೀನಿ ಅಂತ ಅಮ್ಮಚ್ಚಿ ನನಗೆ ಹೇಳಿದ್ದೇ ಕೊನೆ, ಆಮೇಲೆ ಅವಳ ಫೋನು ಸತ್ತಿದೆ." ಹುಡುಗಿ ಉಸಿರೆಳೆದುಕೊಂಡಳು. "ಬೆಳಿಗ್ಗೆ ನೀವು ಗಂಜಿ ಕುಡಿದ್ಲು ಅಂದ್ರಿ. ನಾನು ನಂಬಿ ಹೋಗಿ ಮಲಗಿದ ರೋಗಿಗಳಿಗೆ ಇಂಜೆಕ್ಷನ್ ಕೊಡ್ತಿದ್ದೆ."

ಸಿಟ್ಟು ಬಂದರೆ ಬೈಯಲು ಯಾರಾದರೂ ಬೇಕಲ್ಲ; ಶೋಶಮ್ಮ ಸುತ್ತ ನೋಡಿದಳು. ಕುರುವಿಳ ಸಾರ್ ಬೆಪ್ಪಾಗಿ ಸೀಟಿ ಹಿಡಿದು ನಿಂತಿದ್ದರು. ಬೇರೆ ಪುತ್ತನ್‌ಪುರ ಇದ್ದರೆ ಎಂದು ಕೇಳಿದವರು ಈ ಊರಿನಲ್ಲಿ ಅವರೊಬ್ಬರೇ. ಅವರನ್ನೂ ಬೈಯುವ ಹಾಗಿರಲಿಲ್ಲ.

"ಗ್ರೇಶಿಯಸ್!" ಎಂದು ಕೂಗಿದಳು. "ದೋಣಿ ತೆಗಿ. ನಾನೂ ಬರ್ತೀನಿ."

ಶಾಲೆಯಂಗಳ ಎದ್ದು ನಿಂತಿತು. ಒಂದು ನಿಜವಾದ ಪಾರುಗಾಣಿಕೆ ಇದೆ ಎಂದು ಗೊತ್ತಾದದ್ದೇ ತಡ, ಅಲ್ಲಿಯವರೆಗೆ ಮರದ ನೆರಳಿನಲ್ಲಿ ಫೋನು ಒತ್ತುತ್ತಿದ್ದ ಎರಡು ಪಕ್ಷಗಳೂ ಅಭಿಮಾನಿಗಳೂ ಕಾಲೇಜಿನವರೂ ದೋಣಿಯ ಕಡೆ ಓಡಿದರು. ಒಬ್ಬ ಆಗಲೇ ಅಂಗಿ ಬಿಚ್ಚಿದ್ದ.

"ಚೇಚಿ, ನಾವು ಬರ್ತೀವಿ!"

"ದೋಣೀಲಿ ಜಾಗ ಇಲ್ಲ, ಕಕ್ಕಸಲ್ಲಿದೆ!" ಎಂದು ಶೋಶಮ್ಮ ಇಬ್ಬರನ್ನು ಕಾಲರು ಹಿಡಿದು ಇಳಿಸಿದಳು. ಕೋಶಿ ಸೌಟು ಬಿಟ್ಟು ಓಡಿಬಂದು ಒಂದು ಬಾಟಲಿ ಗಂಜಿನೀರನ್ನು ಅವಳ ಕೈಗಿತ್ತ.

ದೋಣಿ ರಸ್ತೆಯ ಮೇಲೆ, ಹಾಲಿನ ಸೊಸೈಟಿಯ ಮೇಲೆ, ಶೋಶಮ್ಮನ ಸ್ವಂತ ಗದ್ದೆಯ ಮೇಲೆ ಹೋಯಿತು. ಅವಳ ಕೊಟ್ಟಿಗೆಯ ಹೆಂಚು ಮಾತ್ರ ಕಾಣುತ್ತಿತ್ತು. ಅವಳಿಗೆ ತನ್ನ ಮನೆಯ ಕಡೆ ನೋಡಲೂ ಮನಸ್ಸಾಗಲಿಲ್ಲ. ಕಾಲುವೆ ಎಲ್ಲಿದೆಯೆಂದು ಈಗ ಯಾರಿಗೂ ತಿಳಿಯುವಂತಿರಲಿಲ್ಲ, ಎಲ್ಲವೂ ಒಂದೇ ಕೆಂಪು ನೀರು. ತೆಂಗಿನ ತಲೆಗಳ ಸಾಲು ನೋಡಿ ಅವಳು ಕೈ ತೋರಿಸಿದಳು. ಕಾಲನಿ ಬಂತು. ಹೆಂಚಿನ ಮನೆಗಳು ಇದ್ದಲ್ಲಿ ಏನೂ ಇರಲಿಲ್ಲ. ಅರ್ಧ ಕಟ್ಟಿ ಬಿಟ್ಟ ಎರಡು ಮೂರು ಸಿಮೆಂಟು ತಾರಸಿಗಳು ನೀರಿನಿಂದ ಮೇಲಿದ್ದವು.

ಗ್ರೇಶಿಯಸ್ ಎಂಜಿನ್ನು ನಿಲ್ಲಿಸಿದ. ಶೋಶಮ್ಮ ದೋಣಿಯಲ್ಲಿ ಎದ್ದು ನಿಂತಳು. ಮೈಗೆ ಸಾಲದ ಲೈಫ್ ಜಾಕೆಟ್ಟು ಅವಳ ಕತ್ತಿಗೆ ಒತ್ತುತ್ತಿತ್ತು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ತಿದ್ದಿ ತೀಡಿಕೊಂಡಿದ್ದ ಮಾತು ಬಾಯಿಗೆ ಬಂತು.

"ಏಲಿಯಮ್ಮ ಚೇಚೀ!"

ನೀರು ಗೋಡೆಗಳಿಗೆ ಬಡಿಯುವ ಸದ್ದು ಬಿಟ್ಟರೆ ಏನಿಲ್ಲ.

"ಏಲಿಯಮ್ಮ ಚೇಚೀ! ಪುತ್ತನ್‌ಪುರದ ಏಲಿಯಮ್ಮಾ!"

ಒಂದು ಕಾಗೆ ಎದ್ದು ಹೋಯಿತು. ಗ್ರೇಶಿಯಸ್ ಹುಟ್ಟು ಹಾಕಿ ಮೆಲ್ಲಗೆ ಒಂದು ತಾರಸಿಯಿಂದ ಇನ್ನೊಂದರ ಕಡೆಗೆ ದೋಣಿ ನಡೆಸಿದ. "ಇಲ್ಲೇ ಬಂದಿದ್ದೆ ಚೇಚಿ ನಾನು," ಎಂದ, ತಗ್ಗಿದ ದನಿಯಲ್ಲಿ. "ಇದೇ ತೆಂಗಿನಮರದ ಹತ್ರ ನಿಂತು ಕೂಗಿದ್ದೆ. ಆಗ್ಲೂ ಯಾರೂ..."

ಶೋಶಮ್ಮ ಮತ್ತೆ ಮತ್ತೆ ಕೂಗಿದಳು, ಕೂಗಿ ಕೂಗಿ ದನಿ ಒಡೆಯಿತು. ಬಾಟಲಿಯ ಗಂಜಿನೀರನ್ನು ಯಾರಿಗೆ ಕೊಡಲೆಂದು ತಂದೆ, ಈ ಹುಡುಗಿಗೆ ಯಾವ ಬಾಯಲ್ಲಿ ಫೋನು ಮಾಡಲಿ ಎಂದು ಯೋಚಿಸುತ್ತಿದ್ದಂತೆ ಅಳು ಬರುವ ಬದಲು ಅವಳಿಗೆ ಭಯಂಕರ ಸಿಟ್ಟು ಬಂತು. ಇಷ್ಟು ದಿನ ಎಲ್ಲರ ಮೇಲೂ ಬಂದ ಸಿಟ್ಟು, ಸಾರ್ ಮೇಲೆ, ಬ್ರೆಡ್ಡಿನ ಮೇಲೆ, ಪೊರಕೆ ಮುಟ್ಟದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ. ಬೆಳಗಿನ ಜಾವ ಹಾಲು ಕರೆಯಲು ಹೊತ್ತಾದಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಹಾಗೆಯೇ ಕೂಗಿಬಿಟ್ಟಳು.

"ಏಲೀ! ಎಲ್ಲಿ ಹಾಳಾಗಿ ಹೋದ್ಯೇ, ಏಲೀ!"

"ಓ ಕೊಚ್ಚಮ್ಮಾ... ಬಂದೆ!"

ಕೊನೆಯ ತಾರಸಿಯ ಮೋಟುಗೋಡೆಯ ಹಿಂದಿನಿಂದ ದನಿ ಬಂತು. ಕ್ಷೀಣವಾಗಿತ್ತು, ಆದರೆ ತಡವಾಗಲಿಲ್ಲ. ಕರೆದ ಕೂಡಲೇ ಬಂತು. ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಅಲುಗಿತು, ಬಿಳಿಯ ತಲೆಯೊಂದು ಮೇಲೆದ್ದಿತು.

ಗ್ರೇಶಿಯಸ್ ಒಂದೇ ನೆಗೆತಕ್ಕೆ ಮೇಲೆ ಹತ್ತಿ ಅವಳನ್ನು ಮಗುವಿನಂತೆ ಎತ್ತಿ ತಂದ. ತೂಕವೇ ಇರಲಿಲ್ಲ. ಕೈಕಾಲಿನ ಚರ್ಮ ನೆನೆದು ಬೆಳ್ಳಗಾಗಿತ್ತು. ಮಳೆನೀರು ಕುಡಿದುಕೊಂಡು, ಯಾರೋ ಬಿಟ್ಟುಹೋದ ಕೊಬ್ಬರಿ ಚೂರು ಜಗಿದುಕೊಂಡು ಇದ್ದಳಂತೆ. ಶೋಶಮ್ಮ ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಂಜಿನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಏಲಿಯಮ್ಮ ಸಂಕೋಚದಿಂದ ಏಳಲು ನೋಡಿದಳು.

"ಮೈಯೆಲ್ಲ ಕೆಸರು ಕೊಚ್ಚಮ್ಮ, ನಿಮ್ ಸೀರೆ..."

"ಸುಮ್ನೆ ಮಲಗೇ," ಎಂದಳು ಶೋಶಮ್ಮ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಎಂಜಿನ್ನಿಗೆ ಕೈ ಹಾಕಿದ್ದ ಗ್ರೇಶಿಯಸ್ ತಿರುಗಿದ. ಅವನಿಗೆ ಅರ್ಥವೇ ಆಗಿರಲಿಲ್ಲ. "ಅಮ್ಮಚ್ಚಿ, ನಾನು ನಿನ್ನೆ ಇದೇ ತಾರಸಿ ಕೆಳಗೆ ನಿಂತು ಅಷ್ಟು ಕೂಗ್ದೆ. ಕೇಳಿಸ್ಲಿಲ್ವಾ?"

"ಕೇಳಿಸ್ತು ಮೋನೇ. ಚೆನ್ನಾಗಿ ಕೇಳಿಸ್ತು."

"ಮತ್ತೆ? ಯಾಕೆ ಓ ಅನ್ಲಿಲ್ಲ?"

"ನೀನು ಏಲಿಯಮ್ಮನ್ನ ಕರೀತಿದ್ಯಲ್ಲಪ್ಪ," ಎಂದಳು ಏಲಿಯಮ್ಮ. "ಹೊಳೆದಂಡೆ ದೊಡ್ಡಮ್ಮ ಕಾಣಿಸ್ತಿಲ್ಲ, ಅವರನ್ನ ಹುಡುಕ್ತಿದಾರೆ ಅನ್ಕೊಂಡೆ. ನಡುವೆ ನಾನ್ಯಾಕೆ ಕೂಗಿ ತೊಂದರೆ ಕೊಡ್ಲಿ, ಅವರು ಸಿಕ್ಕಿದ ಮೇಲೆ ನಮ್ ಕಡೆ ಬರ್ತಾರಲ್ಲ ಅಂತ ಕೂತಿದ್ದೆ."

ಗ್ರೇಶಿಯಸ್ ಶೋಶಮ್ಮನ ಮುಖ ನೋಡಿದ. ನಾಚಿಕೆಯಿಂದ ಅವಳು ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಿದ್ದಳು.

ಏಲಿಯಮ್ಮ ಅವಳ ಕೈ ಹಿಡಿದುಕೊಂಡಳು. "ಸಿಕ್ಕಿದ್ರಾ ಕೊಚ್ಚಮ್ಮ, ಅವರು?"

"ಸಿಕ್ಕಿದ್ರು," ಎಂದಳು ಶೋಶಮ್ಮ.

"ಸದ್ಯ," ಎಂದು ಏಲಿಯಮ್ಮ ಕಣ್ಣು ಮುಚ್ಚಿದಳು. "ವಯಸ್ಸಾದೋರು ಪಾಪ, ಒಬ್ಬರೇ ಎಷ್ಟು ಹೆದರಿದ್ರೋ ಏನೋ."